ಆಟ ಆಡಿದ್ದಕ್ಕ ಕೆಟ್ಟಿದ್ದಲ್ಲ ಅದು

ಮೊದಲ ಹೇಳಿಬಿಡ್ತೇನಿ, ಸಿಟ್ಟು ಬಂದ್ರ ಬರ್ಲಿ. ಲ್ಯಾಪ್‌ಟಾಪ್ ಬಿಸಿ ಆಗಿ ಬಂದ್ ಬಿದ್ದ ಕೂಡಲೇ "ಗೇಮ್ ಆಡಿ ಆಡಿ ಕೆಡಿಸಿಟ್ಟ" ಅಂತ ಹುಡುಗೂರ ಮ್ಯಾಲ ಹರಿಹಾಯೂದನ್ನ ನಾವು ಹೆಣ್ಮಕ್ಕಳು ಬಿಡಬೇಕು. ಆ ಮಾತು ಸುಳ್ಳು ಅಂತ ಅಷ್ಟ ಅಲ್ಲ, ಭಾಳ ತುಟ್ಟಿ ಮಾತು ಅದು. ಹಂಗ ಅಂದ್ವಿ ಅಂದ್ರ ರಿಪೇರಿ ಅಂಗಡಿಯವ ಏನೂ ಹುಡುಕೂದ ಬ್ಯಾಡ. ಕಾರಣ ನಾವ ಹೇಳಿಕೊಟ್ಟಿರ್ತೇವಿ, ಅವ ಬಿಲ್ ಬರದ್ರ ಮುಗೀತು.

ಗೇಮಿಂಗ್ ಲ್ಯಾಪ್‌ಟಾಪ್ ಅಂದ್ರ ಆಟ ಆಡಲಿಕ್ಕಂತನ ಕಟ್ಟಿದ್ದು. 70-80 ಸಾವಿರ ಕೊಟ್ಟು ತಂದ ಯಂತ್ರ ತನ್ನ ಕೆಲಸ ಮಾಡೂ ಮುಂದ ನಿಂತ್ರ, ಒಂದೋ ಯಂತ್ರದೊಳಗ ಊನ ಅದ, ಇಲ್ಲಾ ಅದನ್ನ ಇಟ್ಟ ಜಾಗಾ ಸರಿ ಇಲ್ಲ. ಗ್ರೈಂಡರ್‌ನ್ಯಾಗ ಹಿಟ್ಟು ರುಬ್ಬಿದ್ಲು, ಅದಕ್ಕ ಗ್ರೈಂಡರ್ ಕೆಟ್ಟಿತು ಅಂತ ಯಾರರೆ ಸೊಸಿಗೆ ಅಂದ್ರ ನಾವು ಸುಮ್ನ ಕೂಡ್ತೇವೇನು? (ಅಂದವರೂ ಅದಾರ ನಮ್ಮೊಳಗ. ಆ ಮಾತು ಇನ್ನೊಂದು ದಿನ.) ಮತ್ತ ಈ ಲ್ಯಾಪ್‌ಟಾಪು ಬರೇ ಆಟದವರು ತಗೊಳ್ಳೂದಲ್ಲ. ಕಟ್ಟಡದ ನಕ್ಷಾ ತಗಿಯವರು, ವಿಡಿಯೋ ಎಡಿಟಿಂಗ್ ಮಾಡವರು, ತ್ರೀಡಿ ಚಿತ್ರಾ ಮಾಡವರು, ಇವರೆಲ್ಲಾ ಗ್ರಾಫಿಕ್ಸ್ ಕಾರ್ಡ್ ಬೇಕಂತ ಇದನ್ನ ತಗೋತಾರ.

ನಮ್ಮ ನಾದಿನಿ ಮಗಳದೂ ಹಂಗ. ಆರ್ಕಿಟೆಕ್ಚರ್ ಎರಡನೇ ವರ್ಷ. ಕಂತಿನ ಮ್ಯಾಲ ತಂದ ಲ್ಯಾಪ್‌ಟಾಪು, ಕಂತು ಇನ್ನೂ ಮುಗದಿದ್ದಿಲ್ಲ, ಅಷ್ಟರಾಗ ಅದು ನಿಲ್ಲಾಕ ಶುರು ಮಾಡ್ತು. ಒಮ್ಮೆ ಫ್ಯಾನು ಭರ್ ಅಂತ ಒದರಿ ಒಮ್ಮಿಂದೊಮ್ಮೆ ಬಂದ್. ಇನ್ನೊಮ್ಮೆ ಪಡದಾ ಮ್ಯಾಲ ಎಲ್ಲಾ ಹಂಗ ಹೆಪ್ಪುಗಟ್ಟಿದಂಗ ನಿಂತುಬಿಡೂದು. ಮನ್ಯಾಗ ಪಂಚಾಯ್ತಿ ಆತು. ರಾತ್ರಿ ಅಕ್ಕನ ಲ್ಯಾಪ್‌ಟಾಪ್‌ನ್ಯಾಗ ಕಾರಿನ ಆಟ ಆಡೂ ತಮ್ಮಗ ಎಲ್ಲಾರೂ ಕೂಡಿ ಬೈದ್ರು. ಅಂಗಡಿಯವ ಒಂದು ಸ್ಕ್ರೂ ಸೈತ ಬಿಚ್ಚಲಾರದ "ಮದರ್‌ಬೋರ್ಡ್ ಹೋಗ್ಯದ, 26 ಸಾವಿರ" ಅಂದ. ಅವರಪ್ಪ "ಇನ್ನ ನನ್ನ ಕಡೆ ರೊಕ್ಕ ಇಲ್ಲ, ಕಾಲೇಜಿನ ಲ್ಯಾಬ್‌ನ್ಯಾಗ ಮಾಡಕೋ" ಅಂದ್ರು. ಹುಡುಗಿ ಒಂದ ಮಾತು ಹೇಳ್ತಿದ್ಲು, ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ: "ಮಾಮಿ, ಅದು ತಣ್ಣಗಿದ್ದಾಗೂ ನಿಲ್ತದ."

ಅದ ಮಾತಿನಾಗ ಎಲ್ಲಾ ಇತ್ತು ನೋಡ್ರಿ.

ಬಿಸಿ ಆಗೂದು ಒಂದು ಜಡ್ಡು, ಹೆಪ್ಪುಗಟ್ಟಿ ನಿಲ್ಲೂದು ಇನ್ನೊಂದು ಜಡ್ಡು. ಎರಡೂ ಒಂದ ಯಂತ್ರದಾಗ ಬಂದಾವ ಅಂತ ಒಂದ ಔಷಧ ಕೊಟ್ರ ಯಾವದೂ ವಾಸಿ ಆಗಂಗಿಲ್ಲ. ಬಿಸಿದು ಹೆಂಗ ಅಂದ್ರ, ನಮ್ಮ ಮಿಕ್ಸರ್ ಇದ್ದಂಗ. ಕೊಬ್ಬರಿ, ಪುಟಾಣಿ ಅಂತ ಒಂದ ಸವನ ತಿರುವಿದ್ರ ಮಿಕ್ಸರ್ ಬಂದ್ ಆಗ್ತದ. ಕೆಟ್ಟಿತೇನು? ಇಲ್ಲ. ತಳದಾಗ ಕೆಂಪು ಬಟನ್ ಅದ, ಮೋಟರ್ ಸುಡಬಾರದು ಅಂತ ತಾನ ಹಾರಿರ್ತದ. ಆರಿದ ಮ್ಯಾಲ ಒತ್ತಿದ್ರ ಚಾಲೂ. ಲ್ಯಾಪ್‌ಟಾಪಿನ ಪ್ರೊಸೆಸರೂ ಅಷ್ಟ. 95 ರಿಂದ 105 ಡಿಗ್ರಿ ಸೆಲ್ಸಿಯಸ್ ಹತ್ರ ಬಂತಂದ್ರ ತನ್ನ ವೇಗ ತಾನ ಕಡಿಮಿ ಮಾಡಕೋತದ, ಅದಕ್ಕ ಆಟ ಜಗ್ಗಿ ಜಗ್ಗಿ ಓಡ್ತದ. ಆದರೂ ಬಿಸಿ ಇಳಿಯಲಿಲ್ಲ ಅಂದ್ರ ಸೀದಾ ಬಂದ್ ಆಗ್ತದ. ಆಟ ಆಡೂ ಮುಂದ 85-90 ಡಿಗ್ರಿ ಕಂಡ್ರ ಗಾಬರಿ ಬೀಳೂದು ಬ್ಯಾಡ, ಈ ಜಾತಿ ಯಂತ್ರಕ್ಕ ಅದು ದಿನದ ಮಾತು.

ಹೆಪ್ಪುಗಟ್ಟೂದು ಹಂಗಲ್ಲ. ಚಿತ್ರ ನಿಂತದ್ದು ನಿಂತಂಗ, ಮೌಸ್ ಅಲಗಾಡಂಗಿಲ್ಲ, ಹಾಡು ಒಂದ ಅಕ್ಷರದ ಮ್ಯಾಲ ಝೀ ಅಂತ ಸಿಕ್ಕೊಂಡಿರ್ತದ. ಮುಂಜಾನೆ ತಣ್ಣಗಿದ್ದಾಗ, ಬರೇ ಪತ್ರ ಟೈಪ್ ಮಾಡೂ ಮುಂದ ಹಿಂಗಾತು ಅಂದ್ರ ಅದು ಹೆಚ್ಚಾಗಿ ರ‍್ಯಾಮ್, ಇಲ್ಲಾ ಎಸ್‌ಎಸ್‌ಡಿ, ಇಲ್ಲಾ ಗ್ರಾಫಿಕ್ಸ್ ಡ್ರೈವರ್. ಧೂಳು ಎಷ್ಟ ತಗದ್ರೂ ಇದು ಹೋಗೂದಲ್ಲ.

ಹಂಗಾರ ಯಾವದು ಯಾವದು ಅಂತ ತಿಳಿಯೂದು ಹೆಂಗ? ಹಾಲಿನ ಲೆಕ್ಕ ಬರಿಯೂ ಕ್ಯಾಲೆಂಡರ್ ಸಾಕು. ಯಾವಾಗ ನಿಂತಿತು, ಬಿಸಿ ಇತ್ತೋ ತಣ್ಣಗಿತ್ತೋ, ಚಾರ್ಜರ್ ಹಚ್ಚಿತ್ತೋ ಇಲ್ಲೋ, ಏನು ತೆರದಿತ್ತು, ಇಷ್ಟ. ನಾನು ಆಕಿ ಕಡೆ ಎರಡು ವಾರ ಬರಸಿದೆ. ಒಟ್ಟು 9 ಸಲ ನಿಂತಿತ್ತು. 5 ಸಲ ನಕ್ಷಾ ರೆಂಡರ್ ಮಾಡೂ ಮುಂದ ಇಲ್ಲಾ ಆಟದಾಗ, ಕೈ ಸುಡೂವಷ್ಟು ಬಿಸಿ ಇದ್ದಾಗ. ಉಳದ 4 ಸಲ ಮುಂಜಾನೆ, ತಣ್ಣಗಿದ್ದಾಗ. ಆ 4 ಸಲ ತಮ್ಮ ಸಾಲಿಯೊಳಗಿದ್ದ! ಆದರೂ ಅವನ ಮ್ಯಾಲ ಅಪವಾದ.

ಯಂತ್ರನೂ ತನ್ನ ಡೈರಿ ಬರೀತಿರ್ತದ, ನಮಗ ತೋರಿಸವರಿಲ್ಲ ಅಷ್ಟ. ವಿಂಡೋಸಿನ ಹುಡುಕೂ ಜಾಗಾದಾಗ ರಿಲಾಯಬಿಲಿಟಿ ಅಂತ ಟೈಪ್ ಮಾಡಿದ್ರ ತಾರೀಖಿನ ಪ್ರಕಾರ ಕೆಂಪು ಗುರುತು ಕಾಣ್ತಾವ, ಯಾವ ದಿನ ಯಾವ ಪ್ರೋಗ್ರಾಂ ಬಿತ್ತು ಅಂತ. ಈವೆಂಟ್ ವ್ಯೂವರ್ ಅಂತ ಇನ್ನೊಂದು ಅದ. ಅದರಾಗ "ಕರ್ನಲ್ ಪವರ್ 41" ಅಂತ ಒಂದು ಸಾಲು ಬರ್ತದ. ಇದನ್ನ ತೋರಿಸಿ "ನೋಡ್ರಿ ಅಕ್ಕಾರ, ಪವರ್ ಅಂತ ಬರದದ, ಬೋರ್ಡ್ ಹೋಗ್ಯದ" ಅನ್ನವರು ಅದಾರ. ಆ 41ರ ಅರ್ಥ ಇಷ್ಟ: ಸರಿಯಾಗಿ ಬಂದ್ ಮಾಡಲಾರದ ಯಂತ್ರ ಆರಿತ್ತು. ನೀವ ಬಟನ್ ಒತ್ತಿಹಿಡಿದು ಬಂದ್ ಮಾಡಿದ್ರೂ ಅದ ಸಾಲು ಬರ್ತದ. ಯಾಕ ಆರಿತು ಅಂತ ಅದು ಹೇಳೂದ ಇಲ್ಲ. "ವಿಯಾ ಲಾಗರ್" ಅನ್ನೂ ಸಾಲು ಮತ್ತ ಮತ್ತ ಕಂಡ್ರ ಮಾತ್ರ ಒಳಗಿನ ಭಾಗ ತಕರಾರು ಮಾಡ್ಲಿಕತ್ತದ ಅಂತ ತಿಳೀರಿ. ಬಿಸಿ ಎಷ್ಟದ ಅಂತ ನೋಡಲಿಕ್ಕೆ ಎಚ್‌ಡಬ್ಲ್ಯೂ ಇನ್ಫೋ ಅಂತ ಪುಕ್ಕಟ ಸಿಗೂ ಪ್ರೋಗ್ರಾಂ ಅದ, ಹತ್ತು ನಿಮಿಷ ಆಟ ಓಡಿಸಿ ನೋಡ್ರಿ.

ಈಗ ಬಿಸಿ ಮಾತು. ಇಲ್ಲೆ ನಾನು ಮಕ್ಕಳ ಪರವಾಗಿ ಅಷ್ಟ ಮಾತಾಡಂಗಿಲ್ಲ. ಗಾದಿ ಮ್ಯಾಲ, ದುಪ್ಪಡಿ ಮ್ಯಾಲ ಇಟ್ಟು ಓಡಸ್ತಾರ. ಲ್ಯಾಪ್‌ಟಾಪು ತಳದಿಂದ ಗಾಳಿ ಎಳಕೊಂಡು ಹಿಂದ, ಮಗ್ಗಲಕ್ಕ ಬಿಡ್ತದ. ಗಾದಿ ಮ್ಯಾಲ ಇಟ್ರ ಮೂಗು ಮುಚ್ಚಿದಂಗ. ಮ್ಯಾಲ ಗಾದಿ ಅರಳಿ ಎಳಿ, ತಲಿಗೂದಲು, ಧೂಳು ಒಳಗ ಹೋಗಿ ಫ್ಯಾನಿಗೂ ಬಾಚಣಿಗಿ ಹಲ್ಲಿನಂಥ ತಗಡಿಗೂ ನಡುವ ಕಂಬಳಿ ಹಂಗ ಕೂತಿರ್ತದ. ನಮ್ಮ ಹುಡುಗಿದನ್ನ ಬಿಚ್ಚಿಸಿದಾಗ ಅಂಥಾ ಒಂದು ಪಟ್ಟಿ ಇಡಿಯಾಗಿ ಬಂತು. ಫ್ಯಾನು ಒದರೂದು ಅದಕ್ಕ. ಗಾಳಿ ಹೋಗಲಿಕ್ಕೆ ದಾರಿ ಇಲ್ಲ, ಪಾಪ ಏನು ಮಾಡ್ತದ.

ಗಟ್ಟಿ ಹಲಗಿ ಮ್ಯಾಲ ಇಡಸ್ರಿ, ಹಿಂದಿನ ಅಂಚಿಗೆ ಎರಡು ಬೆರಳಷ್ಟು ಎತ್ತರ ಕೊಡ್ರಿ. ಧೂಳು ಹೊಡಿಯೂದಿದ್ರ ಪೂರಾ ಬಂದ್ ಮಾಡಿ, ಚಾರ್ಜರ್ ಕಿತ್ತು, ಡಬ್ಬಿ ಗಾಳಿ ಸಣ್ಣಗ ಸಣ್ಣಗ ಬಿಡ್ರಿ. ಫ್ಯಾನಿನ ಪಕಳಿ ಗರ ಗರ ತಿರುಗದಂಗ ಒಂದು ಕಡ್ಡಿಲೆ ತಡದು ಹಿಡೀರಿ. ಕಸಾ ಎಳಿಯೂ ವ್ಯಾಕ್ಯೂಮ್ ಕ್ಲೀನರ್ ತರಬ್ಯಾಡ್ರಿ, ಅದರಿಂದ ಹುಟ್ಟೂ ಸ್ಥಾಯಿ ವಿದ್ಯುತ್ತು ಒಳಗಿನ ಭಾಗ ಸುಡಬಹುದು. ಒದ್ದಿ ಅರಿವಿ ಸುತ್ತೂದು, ಫ್ರಿಜ್‌ನ್ಯಾಗ ಇಡೂದು, ಇವನ್ನ ಮಾಡವರು ಅದಾರ ಅಂತ ಕೇಳಿ ನನಗ ಎದಿ ಧಸಕ್ ಅಂತು. ತಣ್ಣಗಿನಿಂದ ಬೆಚ್ಚಗಿನ ಹವಾಕ್ಕ ತಂದ ಕೂಡಲೇ ಸ್ಟೀಲ್ ತಂಬಿಗಿ ಬೆವತಂಗ ಒಳಗೆಲ್ಲಾ ಬೆವರ್ತದ. ನೀರಿಗೂ ಕರೆಂಟಿಗೂ ಗೆಳೆತನ ಬ್ಯಾಡ.

ಮೂರು ನಾಲ್ಕು ವರ್ಷ ಆಗಿದ್ರ ಪ್ರೊಸೆಸರ್ ಮ್ಯಾಲ ಹಚ್ಚಿದ ಪೇಸ್ಟ್ ಒಣಗಿರ್ತದ, ಅದನ್ನ ತಗದು ಹೊಸಾದು ಹಚ್ಚಸಬೇಕು. ಆದರ ಕೆಲವು ಯಂತ್ರದಾಗ ಪೇಸ್ಟಿನ ಬದಲಿ ದ್ರವ ಲೋಹ ಹಾಕಿರ್ತಾರ. ಅದು ಕರೆಂಟ್ ಹರಸ್ತದ, ಒಂದು ಹನಿ ಆಕಡೆ ಈಕಡೆ ಬಿದ್ರ ಬೋರ್ಡ್ ಸುಟ್ಟಂಗ. ಬಿಚ್ಚೂ ಮುಂಚೆ ಒಳಗ ಯಾವದದ ಅಂತ ಕಂಪನಿಗೆ ಕೇಳ್ರಿ. ವಾರಂಟಿ ಇದ್ರಂತೂ ಕೇಳಲಾರದ ಮುಟ್ಟಬ್ಯಾಡ್ರಿ. ಸಾವಿರಗಟ್ಟಲೆ ಕೊಟ್ಟು ತಳಕ್ಕ ಇಡೂ ಕೂಲಿಂಗ್ ಪ್ಯಾಡ್ ಮೊದಲ ತರೂದು ಮೂಗು ಕಟ್ಟಿದವಗ ಬೀಸಣಿಕಿ ಬೀಸಿದಂಗ. ಅದಕ್ಕಿಂತ ಆಟದೊಳಗ ಫ್ರೇಮ್ 60ಕ್ಕ ಕಟ್ಟಿಹಾಕ್ರಿ. ವಿಂಡೋಸಿನ ಪವರ್ ಆಪ್ಷನ್‌ನ್ಯಾಗ ಪ್ರೊಸೆಸರಿನ ಗರಿಷ್ಠ ಮಿತಿ 100ರ ಬದಲಿ 99 ಅಂತ ಇಡಲಿಕ್ಕೆ ಬಂದ್ರ, ಆ ಒಂದು ಅಂಕಿ ಇಳಿಸಿದ್ದಕ್ಕನ ಸಾಮಾನ್ಯವಾಗಿ ಟರ್ಬೋ ಬಂದ್ ಆಗಿ ಭಾಳ ಬಿಸಿ ಇಳೀತದ. ಪುಕ್ಕಟ. ಏಪ್ರಿಲ್‌ದಾಗ ನಮ್ಮ ಕಡೆ ಮನಿಯೊಳಗ 36-37 ಡಿಗ್ರಿ ಇರ್ತದ. ಅದ ಗಾಳಿಲೆ ಅದು ತಣ್ಣಗಾಗಬೇಕು, ಹಿಂಗಾಗಿ ಡಿಸೆಂಬರಿನ ಲೆಕ್ಕ ಬ್ಯಾಸಗಿಗೆ ಹಚ್ಚಬ್ಯಾಡ್ರಿ.

ಹೆಪ್ಪುಗಟ್ಟೂ ಜಡ್ಡಿಗೆ ಮೊದಲನೇ ಔಷಧ, ಇದ್ದ ಫೈಲ್ ಎಲ್ಲಾ ಬ್ಯಾರೆ ಕಡೆ ನಕಲು ಮಾಡೂದು. ಎಸ್‌ಎಸ್‌ಡಿ ಕೈ ಕೊಡ್ಲಿಕತ್ತಿದ್ರ ನಾಳೆ ಅಂದ್ರ ತಡ ಆಗ್ತದ. ಆಮ್ಯಾಲ ಮೆಮ್‌ಟೆಸ್ಟ್86 ಅನ್ನೂ ಪರೀಕ್ಷಾ ರಾತ್ರಿ ಹಚ್ಚಿ ಮಲಗಬಹುದು, ಪುಕ್ಕಟ ಸಿಗ್ತದ. ವಿಂಡೋಸಿನೊಳಗೂ ಸಣ್ಣದೊಂದು ರ‍್ಯಾಮ್ ಪರೀಕ್ಷಾ ಅದ. ನಮ್ಮ ಹುಡುಗಿದು ಮುಂಜಾನೆ ಎದ್ದು ನೋಡೂದ್ರಾಗ ಪಡದಾ ಕೆಂಪಗ ಆಗಿತ್ತು. ಎರಡು ರ‍್ಯಾಮ್ ಪಟ್ಟಿ ಇದ್ದು, ಒಂದೊಂದ ಹಾಕಿ ನೋಡಿದ್ರ ಒಂದು ಕೆಟ್ಟಿತ್ತು. ಅದನ್ನ ತಗದಿಟ್ಟ ದಿನದಿಂದ ಹೆಪ್ಪುಗಟ್ಟೂದು ನಿಂತಿತು. ಮದರ್‌ಬೋರ್ಡಿಗೆ ಏನೂ ಆಗಿದ್ದಿಲ್ಲ!

ಚಾರ್ಜರನ್ನೂ ನೋಡ್ರಿ. ಇಟ್ಟಂಗಿಯಷ್ಟು ದಪ್ಪ 180 ಇಲ್ಲಾ 230 ವ್ಯಾಟಿನ ಚಾರ್ಜರ್ ಒಜ್ಜಿ ಅಂತ ಮನ್ಯಾಗ ಬಿಟ್ಟು 65 ವ್ಯಾಟಿನ ಸಣ್ಣದು ಹಚ್ಚಿ ಆಡಿದ್ರ ಯಂತ್ರಕ್ಕ ಅರೆಹೊಟ್ಟಿ ಊಟ. ಸ್ಟೆಬಿಲೈಸರ್ ಬೇಕು ಅಂತ ಮಾರವರಿಗೆ ಚಾರ್ಜರಿನ ಬೆನ್ನ ಮ್ಯಾಲ 100-240 ವೋಲ್ಟ್ ಅಂತ ಬರದದ್ದು ತೋರಸ್ರಿ. ಇನ್ನ ಕೈ ಆಡಸೂ ಟಚ್‌ಪ್ಯಾಡ್ ಉಬ್ಬಿ ಮ್ಯಾಲ ಎದ್ದದ ಅಂದ್ರ ಒಳಗ ಬ್ಯಾಟರಿ ಬಾತದ. ಒತ್ತಬ್ಯಾಡ್ರಿ, ಚಾರ್ಜ್ ಮಾಡಬ್ಯಾಡ್ರಿ, ಅವತ್ತ ಬಂದ್ ಮಾಡಿ ಬ್ಯಾಟರಿ ಬದಲಿ ಮಾಡಸ್ರಿ. ಇದೊಂದಕ್ಕ ಮಾತ್ರ ಎರಡು ವಾರ ಕ್ಯಾಲೆಂಡರ್ ಬರಕೋತ ಕೂಡಬ್ಯಾಡ್ರಿ, ಬೆಂಕಿ ಹತ್ತೂ ಮಾತದು.

ಕಂಪನಿಗಳೂ ಏನು ಗಂಗಾಸ್ನಾನ ಮಾಡಿದವಲ್ಲ. 2007ರಾಗ ಎಕ್ಸ್‌ಬಾಕ್ಸ್ 360 ಅನ್ನೂ ಆಟದ ಪೆಟ್ಟಿಗಿ ಕೆಂಪು ದೀಪ ತೋರಿಸಿ ಸಾಯ್ಲಿಕತ್ತಾಗ ಮೈಕ್ರೋಸಾಫ್ಟ್ ವಾರಂಟಿ 3 ವರ್ಷಕ್ಕ ಏರಿಸಿ ಅದಕ್ಕಂತ 100 ಕೋಟಿ ಡಾಲರ್‌ಗಿಂತ ಹೆಚ್ಚು ತಗದಿಟ್ಟಿತು. ಮರುವರ್ಷ 2008ರಾಗ ಎನ್ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪಿನ ಕಟ್ಟೋಣದ ಸಾಮಾನ ಸಾಕಷ್ಟು ಗಟ್ಟಿ ಇಲ್ಲ ಅಂತ ಒಪ್ಪಿ 15 ರಿಂದ 20 ಕೋಟಿ ಡಾಲರ್ ತಗದಿಟ್ಟಿತು. ಆ ಎರಡು ವರ್ಷ ಎಷ್ಟು ಮನ್ಯಾಗ ಎಷ್ಟು ಹುಡುಗೂರು "ನೀನ ಕೆಡಿಸಿದಿ" ಅಂತ ಬೈಸಿಕೊಂಡಿರಬೇಕು, ನೀವ ಯೋಚನಿ ಮಾಡ್ರಿ.

"ಹಂಗಾರ ರಾತ್ರಿ ಎರಡರ ತನಕ ಆಡಲಿ ಬಿಡು ಅಂತೀಯೇನು?" ಅಂತ ನಮ್ಮ ಓಣಿಯ ಹಿರೇರೊಬ್ಬರು ಕೇಳಿದ್ರು. ಇಲ್ರೀ ಮೌಶಿ. ಎರಡು ಗಂಟೆ ತನಕ ಆಡಿದ್ದಕ್ಕ ಬೈಯೂದಿದ್ರ ನಿದ್ದಿ ಕೆಡ್ತದ, ಓದು ಕೆಡ್ತದ ಅಂತ ಬೈರಿ, ನಾನೂ ಬಂದು ದನಿ ಕೂಡಸ್ತೇನಿ. ರ‍್ಯಾಮ್ ಕೆಟ್ಟಿದ್ದನ್ನ ಅದಕ್ಕ ಜೋಡಸಬ್ಯಾಡ್ರಿ. ಸುಳ್ಳು ಕಾರಣ ಹೇಳಿ ಬೈದ್ರ ಹುಡುಗೂರು ಖರೇ ಕಾರಣ ಹೇಳಿದಾಗೂ ನಂಬಂಗಿಲ್ಲ, ಮತ್ತ ಮುಂದ ಏನರೆ ಕೆಟ್ರ ಹೇಳಲಾರದ ಮುಚ್ಚಿಡ್ತಾರ. ನಮ್ಮ ಹುಡುಗಿ ತಮ್ಮಗ ಅಷ್ಟು ಮಂದಿ ಬೈದಿದ್ರು. ಪರೀಕ್ಷಾ ಮುಗದ ಮ್ಯಾಲ "ನಿಂದು ತಪ್ಪಿದ್ದಿಲ್ಲಪಾ" ಅಂತ ಒಬ್ಬರರೆ ಅನ್ನಬೇಕೋ ಬ್ಯಾಡೋ? ಎಲ್ಲಾರೂ ಚಹಾ ಕುಡದು ಎದ್ದು ಹೋದ್ರು.

ಅಂಗಡಿಗೆ ಒಯ್ಯೂದ ಆತು ಅಂದ್ರ ಕ್ಯಾಲೆಂಡರಿನ ಆ ಹಾಳಿ ಸಂಗಾಟ ಒಯ್ಯರಿ, "ಏನೋ ಹ್ಯಾಂಗ್ ಆಗ್ತದರಿ" ಅಂತ ಶುರು ಮಾಡಬ್ಯಾಡ್ರಿ. ಮದರ್‌ಬೋರ್ಡ್ ಅಂದ್ರ "ಯಾವ ಪರೀಕ್ಷಾ ಮಾಡಿದ್ರಿ, ರ‍್ಯಾಮ್ ಒಂದೊಂದ ಹಾಕಿ ನೋಡಿದ್ರೇನು?" ಅಂತ ಕೇಳ್ರಿ. ಖರ್ಚಿನ ಅಂದಾಜು ಬರದು ಕೊಡಸಕೋರಿ. ಬದಲಿ ಮಾಡಿದ ಹಳೇ ಭಾಗ ವಾಪಸ್ ಬೇಕು ಅಂತ ಮೊದಲ ಹೇಳ್ರಿ. ಪೇಸ್ಟ್ ಹಚ್ಚೂ ಮೊದಲು ಎಷ್ಟು ಡಿಗ್ರಿ ಇತ್ತು, ಹಚ್ಚಿದ ಮ್ಯಾಲ ಎಷ್ಟಾತು, ಎರಡೂ ಫೋಟೋ ತಗೋರಿ. ವಾರಂಟಿ ಇದ್ದೂ ಕಂಪನಿ ಓಡಾಡಸ್ಲಿಕತ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚರಿ. ಜಿಲ್ಲಾ ಗ್ರಾಹಕ ಆಯೋಗದಾಗ 5 ಲಕ್ಷದ ತನಕದ ಸಾಮಾನಿಗೆ ಅರ್ಜಿ ಶುಲ್ಕನೂ ಇಲ್ಲ. ಬಿಲ್ಲು ಮಾತ್ರ ಹುಡುಕಿಡ್ರಿ, ಅದು ಹೆಚ್ಚಾಗಿ ಯಜಮಾನ್ರ ಹಳೇ ಪ್ಯಾಂಟಿನ ಕಿಸೆದಾಗ ಸಿಗ್ತದ.