ಚೆಂಡು ಹೂವಿನ ಬಣ್ಣಕ್ಕೆ ಪರಿಮಳದ ಬೆಲೆ ಸಿಕ್ಕೀತೇ?

ಆಷಾಢ, ಶ್ರಾವಣದಲ್ಲಿ ಗುಂಡ್ಲುಪೇಟೆ ಕಡೆ ಹೋದರೆ ರಸ್ತೆಯ ಎರಡೂ ಬದಿ ಚೆಂಡು ಹೂವಿನ ಹೊಲಗಳು. ಇವೆಲ್ಲ ಪೂಜೆಗೋ ತೋರಣಕ್ಕೋ ಹೋಗುವ ಹೂವಲ್ಲ. ಕಂಪನಿಗಳ ಜತೆ ಒಪ್ಪಂದ ಮಾಡಿಕೊಂಡು ಬೆಳೆದದ್ದು ಕಾರ್ಖಾನೆ ಸೇರುತ್ತದೆ. ಅಲ್ಲಿ ಅದರಿಂದ ಲ್ಯೂಟೀನ್ ಎಂಬ ಹಳದಿ ಬಣ್ಣ ತೆಗೆಯುತ್ತಾರೆ. ಮೊಟ್ಟೆಯ ಹಳದಿ ಗಾಢವಾಗಲೆಂದು ಕೋಳಿ ಆಹಾರಕ್ಕೆ, ಕಣ್ಣಿಗೆ ಒಳ್ಳೆಯದೆಂದು ಮಾತ್ರೆಗಳಿಗೆ ಅದು ಬೇಕು.

ಆದರೆ ಈ ಬಣ್ಣದೊಳಗೆ ಪರಿಮಳವೂ ಅಡಗಿದೆ. ಲ್ಯೂಟೀನ್ ಮತ್ತು ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್ ಎರಡೂ 40 ಕಾರ್ಬನ್‌ಗಳ ಉದ್ದ ಅಣುಗಳು. ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಎರಡು ತುದಿಗಳಲ್ಲಿ 13 ಕಾರ್ಬನ್‌ಗಳ ತುಂಡುಗಳು ಸಿಗುತ್ತವೆ. ಬೀಟಾ ಕ್ಯಾರೊಟಿನ್‌ನಿಂದ ಹೀಗೆ ಸಿಗುವ ಬೀಟಾ ಅಯೋನೋನ್ ರಾಸ್ಪ್‌ಬೆರಿ ಹಣ್ಣಿನ ಘಮಕ್ಕೆ ಮುಖ್ಯ ಕಾರಣ. ಚಹಾ ಎಲೆ ಸಂಸ್ಕರಿಸುವಾಗ, ಹುಣಸೂರು ಕಡೆ ತಂಬಾಕು ಹದ ಮಾಡುವಾಗ ನಡೆಯುವುದೂ ಇಂಥದೇ ಒಡೆತ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮೆಕ್ಸಿಕೋದ ವಿಜ್ಞಾನಿಗಳು ಈ ಕೆಲಸವನ್ನು ಸೂಕ್ಷ್ಮಜೀವಿಗಳಿಗೆ ವಹಿಸಿದರು. ಟ್ರೈಕೊಸ್ಪೊರಾನ್ ಎಂಬ ಯೀಸ್ಟ್ ಚೆಂಡು ಹೂವಿನ ಲ್ಯೂಟೀನನ್ನು ಒಡೆಯಿತು. ಜತೆಗಿದ್ದ ಪೇನಿಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಆ ತುಂಡುಗಳನ್ನು ತಂಬಾಕಿನ ಘಮದ ಅಣುಗಳಾಗಿ ಬದಲಿಸಿತು. ಅಂದಹಾಗೆ, ಚೆಂಡು ಹೂವಿನ ತವರೂ ಮೆಕ್ಸಿಕೋ.

ಇಷ್ಟು ಕಷ್ಟ ಏಕೆ, ಅಯೋನೋನನ್ನು ಸಿಟ್ರಾಲ್ ಮತ್ತು ಅಸಿಟೋನ್‌ನಿಂದ ರಾಸಾಯನಿಕವಾಗಿ ಅಗ್ಗದಲ್ಲಿ ಮಾಡಬಹುದಲ್ಲ ಎಂದು ಕೇಳಬಹುದು. ಉತ್ತರ ಲೇಬಲ್‌ನಲ್ಲಿದೆ. ಸಸ್ಯಮೂಲದ ವಸ್ತುವನ್ನು ಸೂಕ್ಷ್ಮಜೀವಿ ಅಥವಾ ಕಿಣ್ವದಿಂದ ಪರಿವರ್ತಿಸಿ, ನಿಸರ್ಗದಲ್ಲೇ ಇರುವ ಪರಿಮಳ ಪಡೆದರೆ ಅದನ್ನು ‘ನೈಸರ್ಗಿಕ’ ಎನ್ನಲು ಯುರೋಪಿನ 2008ರ ನಿಯಮ ಒಪ್ಪುತ್ತದೆ. ಅಣು ಒಂದೇ, ಹುಟ್ಟಿದ ದಾರಿ ಬೇರೆ, ಬೆಲೆಯೂ ಬೇರೆ!

ಅಡ್ಡಿಗಳೂ ಇವೆ. ಲೆಕ್ಕದ ಪ್ರಕಾರ 1 ಕೆ.ಜಿ. ಬೀಟಾ ಕ್ಯಾರೊಟಿನ್‌ನಿಂದ ಸುಮಾರು 700 ಗ್ರಾಂ ಅಯೋನೋನ್ ಬರಬೇಕು. ಪ್ರಯೋಗಾಲಯದಲ್ಲಿ ಸಿಗುವುದು ಅದರ ಹತ್ತಿರಕ್ಕೂ ಬರುವುದಿಲ್ಲ. ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಹುಟ್ಟಿದ ಪರಿಮಳ ಜೀವಿಗೇ ವಿಷವಾಗುತ್ತದೆ. ಜೀವಿಗೆಂದು ಗಾಳಿ ಊದಿದರೆ ಪರಿಮಳ ಗಾಳಿಯ ಜತೆಗೇ ಹಾರಿಹೋಗುತ್ತದೆ. ಮೇಲೆ ಎಣ್ಣೆಯಂಥ ಪದರ ನಿಲ್ಲಿಸಿ ಹಿಡಿಯುವುದು ಒಂದು ಉಪಾಯ. ‘ಬಯೋಟೆಕ್ ಓದಿದರೆ ಕೆಲಸ ಎಲ್ಲಿದೆ’ ಎಂದು ಹಾಸ್ಟೆಲ್‌ನಲ್ಲಿ ದಿನವೂ ಚರ್ಚಿಸುವ ನಮಗೆ ಇವು ಬಿಡಿಸಬಹುದಾದ ಲೆಕ್ಕಗಳೇ. ಕೆಮಿಕಲ್, ಮೆಕ್ಯಾನಿಕಲ್‌ನವರಿಗೂ ಇಲ್ಲಿ ಪಾಲಿದೆ.

ನನ್ನ ಆತಂಕ ಬೇರೆ. ರಾಸ್ಪ್‌ಬೆರಿಯ ಜೀನನ್ನು ಯೀಸ್ಟ್‌ಗೆ ಸೇರಿಸಿ, ಹೂವೇ ಇಲ್ಲದೆ ಸಕ್ಕರೆಯಿಂದ ಬೀಟಾ ಅಯೋನೋನ್ ತೆಗೆಯುವುದನ್ನೂ ವಿಜ್ಞಾನಿಗಳು ಮಾಡಿ ತೋರಿಸಿದ್ದಾರೆ. ಅದು ದೊಡ್ಡ ಪ್ರಮಾಣದಲ್ಲಿ ಅಗ್ಗವಾದರೆ ರೈತನ ಹೂವಿಗೆ ಈ ಹೊಸ ಮಾರುಕಟ್ಟೆ ತೆರೆಯುವ ಮೊದಲೇ ಮುಚ್ಚುತ್ತದೆ. ಮಲೆನಾಡಿನವರಿಗೆ ವೆನಿಲಾ ನೆನಪಿರಬೇಕು. 2003ರ ಸುಮಾರಿಗೆ ಬೆಲೆ ಮುಗಿಲು ಮುಟ್ಟಿ, ಅಡಿಕೆ ತೋಟಗಳಲ್ಲಿ ರಾತ್ರಿ ಕಾವಲು ಕಾದರು. ಮಡಗಾಸ್ಕರ್‌ನ ಬೆಳೆ ಚೇತರಿಸಿಕೊಂಡಿತು, ಖರೀದಿದಾರರು ಕೃತಕ ವೆನಿಲಿನ್ ಕಡೆ ವಾಲಿದರು, ಬೆಲೆ ನೆಲಕಚ್ಚಿತು.

ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟಿತು. ಜೈವಿಕ ಉತ್ಪಾದನೆಗೆ ಬೆಂಬಲ ಅದರ ಗುರಿ. ಹೆಸರಿನಲ್ಲೇ ಉದ್ಯೋಗವೂ ಇದೆ. ಆ ನೆರವಿನ ಒಂದು ಭಾಗ ಸಕ್ಕರೆಯಿಂದಲ್ಲ, ಹೂವಿನ ಬಣ್ಣದಿಂದಲೇ ಶುರುವಾಗುವ ಸಂಶೋಧನೆಗೆ ಸಿಗಬೇಕು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, ಗುಂಡ್ಲುಪೇಟೆಗೆ ಅಲ್ಲಿಂದ ಸುಮಾರು 60 ಕಿ.ಮೀ. ಮಾತ್ರ. ಕಂಪನಿಗಳ ಒಪ್ಪಂದ ಪತ್ರದಲ್ಲೂ ಹೂವಿನ ತೂಕದ ಜತೆಗೆ ಅದರಲ್ಲಿರುವ ಲ್ಯೂಟೀನ್ ಪ್ರಮಾಣಕ್ಕೆ ತಕ್ಕ ದರ ಬರೆಯುವಂತಾಗಲಿ.