ಬಿಟ್ಟು ಮುಂದೆ ಹೋಗುವುದೂ ಜಾಣತನ

ಕ್ಯಾಟ್‌ಗೆ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಗೋಳು ಸಾಮಾನ್ಯ: ‘ಅಮ್ಮಾ, ಗೊತ್ತಿದ್ದ ಲೆಕ್ಕಾನೇ, ಟೈಮ್ ಸಾಲ್ಲಿಲ್ಲ!’ ಎಂಬಿಎ ಪ್ರವೇಶದ ಈ ಪರೀಕ್ಷೆ 2020ರಿಂದ ಎರಡೇ ಗಂಟೆಯದು. ಇಂಗ್ಲಿಷ್, ದತ್ತಾಂಶ ಮತ್ತು ತರ್ಕ, ಗಣಿತ ಹೀಗೆ ಮೂರು ಭಾಗ, ಒಂದೊಂದಕ್ಕೂ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯ ಇನ್ನೊಂದಕ್ಕೆ ಸಿಗದು. 2024ರಲ್ಲಿ ಗಣಿತದ್ದೇ 22 ಪ್ರಶ್ನೆ. ಅಂದರೆ ತಲಾ ಎರಡು ನಿಮಿಷವೂ ಇಲ್ಲ!

ಒಂದು ಒಲೆಯ ಮೇಲೆ ಬೇಳೆ ಬೇಯಲಿಲ್ಲ ಅಂತ ನಾವೇನು ಅದರ ಮುಂದೆಯೇ ನಿಲ್ತೀವಾ? ಪಕ್ಕದಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕ್ತೀವಿ. ಇಲ್ಲೂ ಅಷ್ಟೇ. ಮೊದಲ ಸುತ್ತಿನಲ್ಲಿ ಸುಲಭದ್ದು, ಎರಡನೆಯದರಲ್ಲಿ ಸ್ವಲ್ಪ ಯೋಚಿಸಬೇಕಾದದ್ದು. ದಾರಿ ಹೊಳೆಯದಿದ್ದರೆ ಬಿಟ್ಟುಬಿಡಬೇಕು. ಸರಿಯುತ್ತರಕ್ಕೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ. ಗಡಿಬಿಡಿಯ ಊಹೆ ದುಬಾರಿ. ಮಾಕ್ ಟೆಸ್ಟ್ ಮುಗಿದ ಮೇಲೆ ಬರೀ ಅಂಕ ನೋಡಿ ಸುಮ್ಮನಾಗದೆ, ಯಾವ ಪ್ರಶ್ನೆ ಎಷ್ಟು ನಿಮಿಷ ತಿಂತು ಅಂತ ಬರೆದಿಟ್ಟುಕೊಳ್ಳಲಿ. ಮುಂದಿನ ಸಲ ಯಾವುದನ್ನು ಬಿಡಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಇನ್ನು ಮನೆಯವರ ಪಾಲು. ಮಗ ಟೆಸ್ಟ್ ಬರೆಯುವಾಗ ಟಿ.ವಿ. ಸದ್ದು ಇಳಿಯುವ ಎಷ್ಟೋ ಮನೆಗಳಲ್ಲಿ, ಮಗಳು ಬರೆಯುವಾಗ ‘ಹಾಲು ನೋಡೇ’, ‘ಯಾರೋ ಬಂದ್ರು, ಬಾಗಿಲು ತೆಗಿ’ ಅನ್ನೋ ಕೂಗು ನಿಲ್ಲೋದಿಲ್ಲ. ನಡುವೆ ಎದ್ದರೆ ಆ ಟೆಸ್ಟ್‌ನ ಲೆಕ್ಕವೇ ಸುಳ್ಳು. ಅಸಲಿ ಪರೀಕ್ಷೆಯಲ್ಲಿ ಗಡಿಯಾರ ಯಾರಿಗೂ ಕಾಯೋದಿಲ್ಲ. ಟೆಸ್ಟ್ ಇರುವ ದಿನ ಎರಡು ಗಂಟೆ ಅವಳನ್ನು ಅವಳ ಪಾಡಿಗೆ ಬಿಡೋಣ. ಹಾಲನ್ನು ಅಣ್ಣನೂ ನೋಡಬಹುದು, ಅಪ್ಪನೂ ನೋಡಬಹುದು!