ಬಾಟಲಿ ಮೇಲೆ ಹೆಸರು ಬರೀರಪ್ಪ

ಮೊದಲೇ ಹೇಳಿಬಿಡ್ತೀನಿ, ಇದು ಬಿಯರ್ ಕುಡಿಯೋದರ ಬಗ್ಗೆ ಬರೆದ ಲೇಖನ ಅಲ್ಲ, ಬಿಯರನ್ನ ಬಾಟಲಿಗೆ ತುಂಬೋದರ ಬಗ್ಗೆ. ವಿಷಯ ಕೇಳಿ ನಮ್ಮ ಸಂಪಾದಕರು ಹುಬ್ಬೇರಿಸಿದರು. "ಪೂರ್ತಿ ಓದಿ ನೋಡ್ತೀನಿ, ಆಮೇಲೆ ಹಾಕೋಣ" ಅಂದರು. ನೀವೂ ಅಷ್ಟು ಮಾಡಿ, ಸಾಕು.

ನಮ್ಮ ದೊಡ್ಡಮ್ಮನ ಮಗ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾನೆ. ಮನೆಯಲ್ಲೇ ಬಿಯರ್ ಮಾಡ್ತಾನೆ. ಅಲ್ಲಿ ಅದಕ್ಕೆ ತಕರಾರಿಲ್ಲ: 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ, ಮನೆಬಳಕೆಗೆ ಅಂತ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್ ತನಕ ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು. ಮಾರೋ ಹಾಗಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮಾಡಿದರೆ ಅದು ಅಪರಾಧ. ಆದ್ದರಿಂದ ಹಾಸ್ಟೆಲ್‌ನ ಉತ್ಸಾಹಿಗಳು ಇದನ್ನ ರೆಸಿಪಿ ಅಂತ ಓದಬೇಡಿ.

ಒಂದು ಭಾನುವಾರ ಬೆಳಿಗ್ಗೆ, ಅಂದ್ರೆ ಅವನಿಗೆ ಶನಿವಾರ ರಾತ್ರಿ, ವಿಡಿಯೋ ಕಾಲ್ ಮಾಡಿ ಫೋನನ್ನ ಅಡುಗೆಮನೆ ಕಟ್ಟೆ ಮೇಲೆ ನಿಲ್ಲಿಸಿದ. "ಲೋ, ಸುಮ್ನೆ ಕೂತ್ಕೊಂಡು ನೋಡು, ನಿಮ್ಮ ಪ್ರಾಸೆಸ್ ಕಂಟ್ರೋಲ್ ಪೇಪರ್‌ನಲ್ಲಿ ಇರೋದೆಲ್ಲ ಇಲ್ಲಿದೆ" ಅಂದ. ಎರಡೂವರೆ ಗಂಟೆ ನೋಡಿದೆ. ತಿಂಡಿ ತಪ್ಪಿತು.

ಬಿಯರ್ 19 ಲೀಟರ್ ಇತ್ತು, ಖಾಲಿ ಬಾಟಲಿ ಐವತ್ತರ ಮೇಲೆ. ಅವನು ಹೇಳಿದ ಮೊದಲ ಮಾತು: ತೊಳೆಯೋದು ಬೇರೆ, ಸ್ಯಾನಿಟೈಸ್ ಮಾಡೋದು ಬೇರೆ. ಬಾಟಲಿ ತಳದಲ್ಲಿ ಹಳೆಯ ಬಿಯರ್ ಒಣಗಿ ಒಂದು ಪೊರೆ ಕಟ್ಟಿರುತ್ತೆ. ಆ ಪೊರೆ ಇರೋ ತನಕ ಮೇಲೆ ಯಾವ ಔಷಧಿ ಸುರಿದರೂ ಒಳಗಿನ ಬ್ಯಾಕ್ಟೀರಿಯಾ ಆರಾಮಾಗಿರುತ್ತೆ. ಮೊದಲು ಬ್ರಷ್ ಹಾಕಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಫಾಸ್ಫಾರಿಕ್ ಆಮ್ಲ ಇರೋ ಸ್ಯಾನಿಟೈಸರ್, ಲೀಟರಿಗೆ ಒಂದೂವರೆ ಮಿಲಿಗಿಂತ ಚೂರು ಜಾಸ್ತಿ. ಎರಡು ನಿಮಿಷ ಬಿಟ್ಟು ಬಗ್ಗಿಸಿದ. ನೊರೆ ಹಾಗೇ ಉಳಿಯಿತು, ನೀರು ಹಾಕಿ ತೊಳೆಯಲೇ ಇಲ್ಲ! ತೊಳೆದರೆ ನಲ್ಲಿ ನೀರಿನ ಜೊತೆ ಕ್ರಿಮಿ ಮತ್ತೆ ಒಳಗೆ ಹೋಗುತ್ತಲ್ಲ. ಬ್ಲೀಚ್ ಯಾಕೆ ಬೇಡ ಅಂತ ಕೇಳಿದೆ. ಸರಿಯಾಗಿ ತೊಳೆಯದೆ ಕ್ಲೋರಿನ್ ಉಳಿದರೆ ಬಿಯರಿನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತಂತೆ, ಕುಡಿದರೆ ಆಸ್ಪತ್ರೆ ವಾರ್ಡಿನ ವಾಸನೆ.

ತುಂಬೋದು ಇನ್ನೂ ನಾಜೂಕು. ಗುಳ್ಳೆ ಬರಲಿ ಅಂತ ಕೊನೆಯಲ್ಲಿ ಸ್ವಲ್ಪ ಸಕ್ಕರೆ ಸೇರಿಸ್ತಾರೆ. ಇಡೀ 19 ಲೀಟರಿಗೆ ಸುಮಾರು 115 ಗ್ರಾಂ, ಅಂದ್ರೆ ಬಾಟಲಿಗೆ ಎರಡು ಗ್ರಾಂ ಚಿಲ್ಲರೆ. ಯೀಸ್ಟ್ ಅದನ್ನ ತಿಂದು ಗ್ರಾಂ ಸಕ್ಕರೆಗೆ ಹೆಚ್ಚುಕಮ್ಮಿ ಅರ್ಧ ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ (ಸಮೀಕರಣ ಪಿಯುಸಿಯಲ್ಲಿ ಬರೆದಿದ್ದೀರಿ, 180ಕ್ಕೆ 88). ಹುದುಗುವಿಕೆ ಪೂರ್ತಿ ಮುಗಿಯದೆ ತುಂಬಿದರೆ ಉಳಿದ ಸಕ್ಕರೆಯೂ ಅನಿಲ ಆಗುತ್ತೆ. ಹೈಡ್ರೋಮೀಟರ್‌ನಲ್ಲಿ ಬರೀ ನಾಲ್ಕು ಪಾಯಿಂಟ್ ಬಾಕಿ ಇದ್ದರೂ ಅನಿಲ ಹತ್ತಿರ ಹತ್ತಿರ ದುಪ್ಪಟ್ಟು. ಗಾಜು ಅದನ್ನ ತಡೆಯಬೇಕು ಅಂತೇನಿಲ್ಲ. ಒಡೆದರೆ ಅದು ಬಾಟಲಿಯಲ್ಲ, ಬಾಂಬ್. ಅದಕ್ಕೇ ಎರಡು ಮೂರು ದಿನ ರೀಡಿಂಗ್ ಬದಲಾಗದೆ ನಿಂತಿದ್ದನ್ನ ನೋಡಿಕೊಂಡೇ ಅವತ್ತು ತುಂಬಿದ್ದು. ತಿರುಗಿಸಿ ತೆಗೆಯೋ ಮುಚ್ಚಳದ ತೆಳು ಬಾಟಲಿಗಳನ್ನ ಪಕ್ಕಕ್ಕಿಟ್ಟ. (ನಮ್ಮ ಗೋಲಿ ಸೋಡಾ ಬಾಟಲಿ ಯಾಕೆ ಅಷ್ಟು ಭಾರ ಅಂತ ನನಗೆ ಆವತ್ತು ಹೊಳೆಯಿತು.)

ಮುಚ್ಚಳ ಒತ್ತಿ ಮುಗಿಯೋ ಹೊತ್ತಿಗೆ ಅವನಿಗೆ ನಡುರಾತ್ರಿ ಹತ್ತಿರ. ಮಲಗ್ತಾನೆ ಅಂದುಕೊಂಡೆ. ಇಲ್ಲ, ಮಾರ್ಕರ್ ತಗೊಂಡು ಒಂದೊಂದೇ ಮುಚ್ಚಳದ ಮೇಲೆ ಬ್ಯಾಚ್ ನಂಬರು, ತಾರೀಕು ಬರೆಯೋಕೆ ಕೂತ. "ನಾಳೆ ಬರಿಯೋ ಮಾರಾಯ, ನಿನಗೆ ಗೊತ್ತಿದೆಯಲ್ಲ" ಅಂದೆ. "ನನಗೆ ಇವತ್ತು ಗೊತ್ತು. ಮುಂದಿನ ತಿಂಗಳು ಫ್ರಿಜ್ ತೆಗೆಯೋನಿಗೆ ಗೊತ್ತಾ?" ಅಂದ.

ಆ ಮಾತು ನನಗೆ ತಾಗಿತು. ಯಾಕೆ ಅಂದ್ರೆ ಅದಕ್ಕೆ ಎರಡು ವಾರ ಮುಂಚೆ ನಮ್ಮ ಮಹಡಿಯಲ್ಲಿ ಆದದ್ದು ನೆನಪಿತ್ತು. ರೂಮ್‌ಮೇಟ್ ಪ್ರಾಜೆಕ್ಟಿಗೆ ಪಿಸಿಬಿ ಎಚ್ ಮಾಡೋಕೆ ಫೆರಿಕ್ ಕ್ಲೋರೈಡ್ ಕಲಸಿ, ಉಳಿದದ್ದನ್ನ ಕೋಲಾ ಬಾಟಲಿಗೆ ತುಂಬಿ ಮಂಚದ ಕೆಳಗೆ ಇಟ್ಟಿದ್ದ. ಬಣ್ಣ ಥೇಟ್ ಕೋಲಾ. ಶನಿವಾರ ರೂಮ್ ಗುಡಿಸುವಾಗ ಅದನ್ನ ತೆಗೆದು ಕಿಟಕಿ ಮೇಲಿಟ್ಟವನು ನಾನೇ. ಏನಿದೆ ಅಂತ ನನಗೆ ಗೊತ್ತಿತ್ತಲ್ಲ! ಸಂಜೆ ವಾಲಿಬಾಲ್ ಆಡಿ ಬಂದ ಪಕ್ಕದ ರೂಮಿನ ಜೂನಿಯರ್ ಎತ್ತಿ ಒಂದು ಗುಟುಕು ಹಾಕಿದ. ಉಗಿದ, ಆದರೂ ಸ್ವಲ್ಪ ಒಳಗೆ ಹೋಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ: ಏನು ಕುಡಿದ, ಎಷ್ಟು ಸ್ಟ್ರಾಂಗ್ ಇತ್ತು? ಕರೆದುಕೊಂಡು ಹೋದವರಿಗೆ ಗೊತ್ತಿಲ್ಲ. ನಾನು ಊರಿನ ಬಸ್ಸಿನಲ್ಲಿದ್ದೆ, ಸಿಗ್ನಲ್ ಇಲ್ಲ. ಕಲಸಿದವನ ಫೋನ್ ಸ್ವಿಚ್ ಆಫ್. ಮುಕ್ಕಾಲು ಗಂಟೆ ಯಾರಿಗೂ ಉತ್ತರ ಸಿಗಲಿಲ್ಲ. ಹುಡುಗ ಈಗ ಚೆನ್ನಾಗಿದ್ದಾನೆ. ನನ್ನ ಜೊತೆ ಮಾತಾಡೋಕೆ ಮಾತ್ರ ಒಂದು ತಿಂಗಳು ಹಿಡಿಯಿತು.

ಲ್ಯಾಬ್ ಸೇಫ್ಟಿ ಮೊದಲ ಸೆಮ್‌ನಲ್ಲೇ ಹೇಳಿಕೊಟ್ಟಿದ್ದಾರೆ ಅಂತ ನೀವು ಹೇಳ್ತೀರಿ. ಹೇಳಿದ್ದಾರೆ, ನಾವು ಸಹಿಯೂ ಹಾಕಿದ್ದೀವಿ. ಆದರೆ ನಮ್ಮ ಪ್ರಾಜೆಕ್ಟುಗಳು ನಡೆಯೋದು ಲ್ಯಾಬಿನಲ್ಲಾ? ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಬಾತ್‌ರೂಮಿನಲ್ಲಿ. ಅಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ನೀರಿನ ಬಾಟಲಿಯಲ್ಲಿರುತ್ತೆ, ಥಿನ್ನರ್ ಜ್ಯೂಸ್ ಬಾಟಲಿಯಲ್ಲಿ. ಕುಡಿಯೋ ಪದಾರ್ಥಕ್ಕೇ ನಮ್ಮಣ್ಣ ಐವತ್ತು ಸಲ ಬರೀತಾನೆ. ಕುಡಿಯಬಾರದ್ದಕ್ಕೆ ನಾವು ಒಂದು ಸಲ ಬರೆಯೋಲ್ಲ. ನನ್ನ ಕೇಳಿದರೆ ಲೇಬಲ್ ಕೂಡ ಎರಡನೇ ಮಾತು. ತಿಂಡಿ-ತೀರ್ಥದ ಬಾಟಲಿಗೆ ಕೆಮಿಕಲ್ ಹಾಕೋದೇ ತಪ್ಪು. ಅಣ್ಣ ಸ್ಯಾನಿಟೈಸರನ್ನ ಅದು ಬಂದ ಡಬ್ಬದಲ್ಲೇ ಇಟ್ಟಿದ್ದ, ನೀರು ಬೆರೆಸಿದ್ದನ್ನ ಬೇರೆ ಸ್ಪ್ರೇ ಬಾಟಲಿಯಲ್ಲಿ, ಅದರ ಮೇಲೂ ಹೆಸರು. ಬೇರೆ ಡಬ್ಬ ಸಿಗದಿದ್ದರೆ ಅಂಗಡಿಗೆ ಹೋಗಿ ತನ್ನಿ, ಅದೇನು ದೊಡ್ಡ ಖರ್ಚಲ್ಲ. ಅದರ ಮೇಲೆ ಏನಿದೆ, ಎಷ್ಟು ಸ್ಟ್ರಾಂಗ್, ಯಾವತ್ತು ಕಲಸಿದ್ದು, ಯಾರ ಫೋನ್ ನಂಬರು, ಇಷ್ಟು ಬರೀರಿ. ನಂಬರು ಒಂದಲ್ಲ, ಎರಡು ಹಾಕಿ. ಒಬ್ಬರದು ಸ್ವಿಚ್ ಆಫ್ ಇರುತ್ತೆ.

ನಮ್ಮ ಮಹಡಿಯಲ್ಲಿ ಫ್ರಿಜ್ ಹಿಡಿಗೆ ದಾರ ಕಟ್ಟಿ ಒಂದು ಮಾರ್ಕರ್ ನೇತುಹಾಕಿದ್ದೀವಿ. ಎರಡು ಸಲ ಕಳುವಾಗಿದೆ. ಈಗ ಇರೋದು ಮೂರನೆಯದು, ಅದನ್ನ ತಂದುಕೊಟ್ಟವನು ಆ ಜೂನಿಯರ್ರೇ.